ಗಾಳಿಯನ್ನು ಅರಿತ ಸಾರಥಿ: ಬ್ರೂಸ್ ಮೆಕ್‌ಲಾರೆನ್

ಹುಲ್ಲಿನ ಹೊರೆಯನ್ನೋ ತಂಬಾಕಿನ ಬೇಲುಗಳನ್ನೋ ಹೇರಿಕೊಂಡ ಲಾರಿ ಹ್ಯಾಂಡ್‌ಪೋಸ್ಟಿನಿಂದ ಮೈಸೂರಿನ ಕಡೆಗೆ ವೇಗವಾಗಿ ಸಾಗುವಾಗ ಅದರ ಮೇಲಿನ ಟಾರ್ಪಾಲು ಉಬ್ಬಿ ಮೇಲೇಳುವುದನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಹೊದಿಕೆಯ ಮೇಲೆ ಗಾಳಿ ರಭಸದಿಂದ ಹರಿಯುವಾಗ ಅಲ್ಲಿನ ಒತ್ತಡ ಕುಗ್ಗುತ್ತದೆ. ಒಳಗಿನ ಗಾಳಿಯ ಒತ್ತಡ ಹೆಚ್ಚಾಗಿಯೇ ಉಳಿದು ಹೊದಿಕೆಯನ್ನು ಎತ್ತುತ್ತದೆ. ಹಗ್ಗದ ಗಂಟು ಬಿಗಿಯಾಗಿದ್ದರೆ ಚಿಂತೆಯಿಲ್ಲ. ಸಡಿಲವಾಗಿದ್ದು, ಚಕ್ರ ಗುಂಡಿಗೆ ಬಿದ್ದು ಲಾರಿ ಕುಲುಕಿತೆಂದರೆ ಹೊದಿಕೆ ಹಾರಿಹೋಗುತ್ತದೆ. ಈ ಸಾಮಾನ್ಯ ಸತ್ಯವನ್ನು ಆಳವಾಗಿ ಅರಿತು, ಅದರಿಂದ ಕೀರ್ತಿ ಪಡೆದು, ಕೊನೆಗೆ ಅದರಿಂದಲೇ ಪ್ರಾಣ ತೆತ್ತವರು ಮೋಟಾರು ಓಟದ ಸಾರಥಿ ಬ್ರೂಸ್ ಮೆಕ್‌ಲಾರೆನ್. ಅವರ ಬದುಕನ್ನು ಈ ವಾರ ನಾವು ಸ್ಮರಿಸೋಣ.

ಬ್ರೂಸ್ ಜನಿಸಿದ್ದು 1937ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ. ತಂದೆ ಲೆಸ್, ತಾಯಿ ರೂತ್. ಅವರದು ಪೆಟ್ರೋಲ್ ಬಂಕು ಮತ್ತು ದುರಸ್ತಿ ಕಾರ್ಯಾಗಾರ ನಡೆಸುತ್ತಿದ್ದ ಕುಟುಂಬ. ಒಂಬತ್ತನೆಯ ವಯಸ್ಸಿನಲ್ಲಿ ಬಾಲಕನ ಎಡ ಸೊಂಟದ ಕೀಲಿಗೆ ಪರ್ಥೀಸ್ ಎಂಬ ಮೂಳೆರೋಗ ತಗುಲಿತು. ಟಾಕಪುನಾದ ವಿಲ್ಸನ್ ಹೋಂ ಎಂಬ ಆರೈಕೆ ಕೇಂದ್ರದಲ್ಲಿ, ಚೌಕಟ್ಟಿಗೆ ಕಟ್ಟಿ ಮಲಗಿಸಿದ ಸ್ಥಿತಿಯಲ್ಲಿ, ಸುಮಾರು ಎರಡು ವರ್ಷ ಕಳೆಯಬೇಕಾಯಿತು. ಗುಣವಾದರೂ ಎಡಗಾಲು ಗಿಡ್ಡವಾಗಿಯೇ ಉಳಿಯಿತು. ಜೀವಮಾನವಿಡೀ ಕುಂಟುತ್ತಲೇ ನಡೆದರು. ಓಡಲಾಗದ ಬಾಲಕ ಓಟದ ಕಾರಿನ ಚಕ್ರ ಹಿಡಿದದ್ದು ತಂದೆಯ ಪುಟ್ಟ ಆಸ್ಟಿನ್ ಸೆವೆನ್ ಕಾರಿನಲ್ಲಿ, ಹದಿಹರೆಯದಲ್ಲಿ.

1958ರಲ್ಲಿ ನ್ಯೂಜಿಲೆಂಡಿನ ಮೋಟಾರು ಓಟದ ಸಂಘವು ಪ್ರತಿಭಾವಂತ ಯುವಕನೊಬ್ಬನನ್ನು ಯುರೋಪಿಗೆ ಕಳುಹಿಸುವ ಯೋಜನೆಯಡಿ ಬ್ರೂಸ್ ಅವರನ್ನು ಆಯ್ಕೆಮಾಡಿತು. ಮರುವರ್ಷ ಡಿಸೆಂಬರ್ 12ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಸೆಬ್ರಿಂಗ್‌ನಲ್ಲಿ ಕೂಪರ್ ಕಾರಿನಲ್ಲಿ ಗ್ರ್ಯಾನ್ ಪ್ರಿ ಗೆದ್ದಾಗ ಅವರಿಗೆ 22 ವರ್ಷ. ಅಷ್ಟು ಕಿರಿಯ ವಯಸ್ಸಿನಲ್ಲಿ ಫಾರ್ಮುಲಾ ಒನ್ ಗ್ರ್ಯಾನ್ ಪ್ರಿ ಗೆದ್ದ ಅವರ ದಾಖಲೆ 2003ರವರೆಗೆ ಉಳಿಯಿತು. ಸೆಬ್ರಿಂಗ್ ಎರಡನೆಯ ಮಹಾಯುದ್ಧ ಕಾಲದ ವಿಮಾನ ನೆಲೆ. ಅದರ ಕಾಂಕ್ರೀಟ್ ಹಾಸುಗಳ ಸಂದುಗಳ ಮೇಲೆ ಹಾಯುವಾಗ ಕಾರಿನ ಅಂಗಾಂಗಗಳೆಲ್ಲ ನಡುಗುತ್ತವೆ. ದುರ್ಬಲವಾದ ಬಂಧವೇನಿದ್ದರೂ ಅಲ್ಲಿ ಬಯಲಾಗುತ್ತದೆ.

1963ರಲ್ಲಿ ಅವರು ತಮ್ಮದೇ ತಂಡ ಕಟ್ಟಿದರು. ಮರುವರ್ಷ ಫೆಬ್ರವರಿಯಲ್ಲಿ, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಲಾಂಗ್‌ಫರ್ಡ್‌ನಲ್ಲಿ, ಅವರ ತಂಡದ ಯುವ ಸಾರಥಿ ಟಿಮ್ಮಿ ಮೇಯರ್ ಅವರ ಕಾರು ರಸ್ತೆಯ ಉಬ್ಬೊಂದರ ಮೇಲೆ ನೆಲ ಬಿಟ್ಟು ಹಾರಿ ಮರಕ್ಕೆ ಅಪ್ಪಳಿಸಿತು. ಯುವಕ ಮೃತನಾದ. ಆ ಅಲ್ಪಾಯುಷ್ಯವನ್ನು ಕುರಿತು ಬರೆಯುವಾಗ ಬ್ರೂಸ್ ಆಯುಸ್ಸಿನ ಉದ್ದಕ್ಕಿಂತ ಅದರೊಳಗೆ ಮಾಡಿದ ಕೆಲಸಕ್ಕೇ ಹೆಚ್ಚಿನ ಬೆಲೆ ಕೊಟ್ಟರು. ಈ ವಿಚಾರಕ್ಕೆ ನಾವು ಮತ್ತೆ ಬರುತ್ತೇವೆ.

ಅವರ ಪ್ರತಿಭೆ ಬರಿಯ ಚಾಲನೆಯದಲ್ಲ. ಕಂಡದ್ದರ ಕಾರಣವನ್ನು ಹುಡುಕುವ ಪ್ರತಿಭೆ. ತಮ್ಮ ತಂಡದ ಆರಂಭದ ಕಾರೊಂದನ್ನು ಪರೀಕ್ಷಿಸುವಾಗ, ಇಂಧನ ತುಂಬುವ ಕಿಂಡಿಯ ಪುಟ್ಟ ಮುಚ್ಚಳ ವೇಗ ಹೆಚ್ಚಿದಂತೆಲ್ಲ ಬಡಿದುಕೊಳ್ಳುತ್ತಿತ್ತು. ಗಾಳಿ ಅದನ್ನು ಅದುಮಬೇಕಿತ್ತೆಂಬುದು ಅಂದಿನ ತಿಳಿವಳಿಕೆ. ಕೆಳಗೆ ಗಾಳಿ ಸಿಲುಕಿ ಒತ್ತಡ ಬೆಳೆಯುತ್ತಿದೆಯೆಂದು ಊಹಿಸಿದ ಬ್ರೂಸ್, ಕಾರು ನಿಲ್ಲಿಸಿ, ಕತ್ತರಿ ತೆಗೆದುಕೊಂಡು ರೇಡಿಯೇಟರಿನ ಹಿಂದಿನ ಹೊದಿಕೆಯನ್ನೇ ಕತ್ತರಿಸಿ ಗಾಳಿಗೆ ದಾರಿ ಮಾಡಿಕೊಟ್ಟರು. ಕಾರಿನ ವೇಗ ಹೆಚ್ಚಿತು.

ಇದೇ ಕಾಲದಲ್ಲಿ ಅವರು ಫೋರ್ಡ್ ಕಂಪನಿಯ ಜಿ.ಟಿ. 40 ಕಾರುಗಳ ಪರೀಕ್ಷೆಯಲ್ಲಿ ದುಡಿದರು. ಜಿ.ಟಿ. ಎಂದರೆ ಗ್ರ್ಯಾಂಡ್ ಟೂರಿಂಗ್, ಅಂದರೆ ದೂರ ಪಯಣದ ವೇಗದ ಕಾರು. 40 ಎಂಬುದು ಅದರ ಅಂಗುಲದ ಎತ್ತರ. 1966ರ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಓಟವನ್ನು ಕ್ರಿಸ್ ಏಮನ್ ಜೊತೆಗೂಡಿ ಗೆದ್ದರು. ಅದೇ ಆಗಸ್ಟ್‌ನಲ್ಲಿ ಅದರ ಮುಂದಿನ ಮಾದರಿಯನ್ನು ಪರೀಕ್ಷಿಸುತ್ತಿದ್ದ ಕೆನ್ ಮೈಲ್ಸ್ ಮೃತರಾದರು. ಆಮೇಲೆ ಆ ಕಾರಿಗೆ ಹೊಸ ಆಕಾರವನ್ನೂ ಒಳಗೆ ಉಕ್ಕಿನ ರಕ್ಷಾಪಂಜರವನ್ನೂ ಕೊಡಲಾಯಿತು. ಹೀಗೆ ತಿದ್ದಿದ ಕಾರನ್ನು 1967ರಲ್ಲಿ ಅದೇ ಸೆಬ್ರಿಂಗ್‌ನ ಒರಟು ನೆಲದ ಮೇಲೆ 12 ಗಂಟೆಗಳ ಓಟದಲ್ಲಿ ಗೆಲ್ಲಿಸಿದವರು ಬ್ರೂಸ್ ಮತ್ತು ಮಾರಿಯೋ ಆಂಡ್ರೆಟ್ಟಿ.

ಒರಟು ನೆಲ ಏಕೆ ಅಪಾಯಕಾರಿ? ಓಟದ ಕಾರಿನ ರೆಕ್ಕೆ ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದಂತೆ. ಅದು ಕಾರನ್ನು ನೆಲಕ್ಕೆ ಒತ್ತಿ, ಟೈರಿಗೆ ಹಿಡಿತ ಕೊಡುತ್ತದೆ. ಆದರೆ ಕಾರಿನ ಮೂತಿ ಉಬ್ಬಿನ ಮೇಲೆ ಎದ್ದರೆ ಅಡಿಯಲ್ಲಿ ಗಾಳಿ ನುಗ್ಗಿ, ಒತ್ತುವ ಬಲ ಕುಗ್ಗುತ್ತದೆ, ಕೆಲವೊಮ್ಮೆ ಎತ್ತುವ ಬಲವೇ ಆಗುತ್ತದೆ. ಸ್ಪ್ರಿಂಗ್ ಬಿಗಿಮಾಡಿದರೆ ಚಕ್ರ ನೆಲ ಬಿಟ್ಟು ಜಿಗಿಯುತ್ತದೆ; ಸಡಿಲಮಾಡಿದರೆ ಕಾರೇ ಓಲಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂತಹ ಗಾಳಿ ಸುರಂಗಗಳಲ್ಲಿ ಈ ಬಲಗಳನ್ನು ಅಳೆಯಬಹುದು. ಆದರೆ ಸುರಂಗದ ಗಾಳಿ ಸಮನಾಗಿ ಬೀಸುತ್ತದೆ, ರಸ್ತೆ ಸಮನಾಗಿರುವುದಿಲ್ಲ. 1969ರ ಮೇ 4ರಂದು ಸ್ಪೇನಿನ ಬಾರ್ಸಿಲೋನಾದಲ್ಲಿ, ರಸ್ತೆ ಏರಿ ಇಳಿಯುವ ಜಾಗದಲ್ಲೇ, ಎರಡು ಲೋಟಸ್ ಕಾರುಗಳ ಎತ್ತರದ ರೆಕ್ಕೆಗಳು ಕುಸಿದು ಭೀಕರ ಅಪಘಾತಗಳಾದವು. ಅಂತಹ ರೆಕ್ಕೆಗಳನ್ನು ಬೇಗನೆ ನಿಷೇಧಿಸಲಾಯಿತು.

ಉತ್ತರ ಅಮೆರಿಕದ ಕ್ಯಾನ್-ಆಮ್ ಓಟಗಳಲ್ಲಿ ಬ್ರೂಸ್ ತಂಡ 1969ರಲ್ಲಿ ಎಲ್ಲ 11 ಓಟಗಳನ್ನೂ ಗೆದ್ದಿತ್ತು. ಆ ವರ್ಷದ ಕಾರಿನ ರೆಕ್ಕೆ ಚಕ್ರಗಳ ಆಧಾರಕ್ಕೇ ಜೋಡಣೆಯಾಗಿತ್ತು. ನಿಯಮ ಬದಲಾದ್ದರಿಂದ 1970ರ ಕಾರಿನಲ್ಲಿ ಅದನ್ನು ತಗ್ಗಿಸಿ, ಹಿಂಬದಿಯ ಹೊದಿಕೆಯ ಮೇಲೆ ಕೂರಿಸಲಾಯಿತು. 1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಬ್ರೂಸ್ ಈ ಕಾರನ್ನು ಪರೀಕ್ಷಿಸುತ್ತಿದ್ದರು. ಅದೂ ಹಳೆಯ ವಿಮಾನ ನೆಲೆಯ ಸುತ್ತುದಾರಿಯೇ. 1966ರಲ್ಲಿ ಓಟಗಳು ನಿಂತು ಪರೀಕ್ಷೆಗಷ್ಟೇ ಬಳಕೆಯಲ್ಲಿತ್ತು. ನೇರ ರಸ್ತೆಯಲ್ಲಿ ಕಾರಿನ ಹಿಂಬದಿಯ ಹೊದಿಕೆ ಬಂಧ ಕಳಚಿ ಎದ್ದಿತು. ಒತ್ತುವ ಬಲ ಒಮ್ಮೆಲೇ ಇಲ್ಲವಾಗಿ ಕಾರು ಗಿರಕಿ ಹೊಡೆದು, ದಾರಿಯ ಅಂಚಿನಲ್ಲಿದ್ದ ಧ್ವಜ ತೋರಿಸುವವರ ಗಟ್ಟಿ ಕಟ್ಟೆಗೆ ಬಡಿಯಿತು. 32 ವರ್ಷದ ಬ್ರೂಸ್ ಅಲ್ಲಿಯೇ ಕೊನೆಯುಸಿರೆಳೆದರು. ಪತ್ನಿ ಪೆಟ್ರೀಷಿಯಾ, ಪುಟ್ಟ ಮಗಳು ಅಮಾಂಡಾ ಉಳಿದರು.

ತತ್ವಶಾಸ್ತ್ರವು ಸಮೀಪದ ಕಾರಣ, ದೂರದ ಕಾರಣ ಎಂದು ಭೇದ ಮಾಡುತ್ತದೆ. ಕಳಚಿದ ಹೊದಿಕೆ ಸಮೀಪದ್ದು. ತಪ್ಪಿದವನನ್ನು ಕ್ಷಮಿಸದ ಆ ಗಟ್ಟಿ ಕಟ್ಟೆ ಮತ್ತೊಂದು. ಮೊದಲನೆಯದು ಕಾರು ಕಟ್ಟುವವರ ಹೊಣೆ. ಎರಡನೆಯದು ದಾರಿಯನ್ನು ನೋಡಿಕೊಳ್ಳುವವರ ಹೊಣೆ. ಇಬ್ಬರಲ್ಲಿ ಒಬ್ಬರ ಎಚ್ಚರವಾದರೂ ಫಲಿಸಿದ್ದರೆ ಒಂದು ಜೀವ ಉಳಿಯಬಹುದಿತ್ತು. 1999ರಲ್ಲಿ ಲ ಮಾನ್ಸ್‌ನಲ್ಲಿ ಮರ್ಸಿಡಿಸ್ ಕಾರುಗಳು ರಸ್ತೆಯ ಏರಿನ ಮೇಲೆ ಮೂತಿ ಎತ್ತಿ ಗಾಳಿಯಲ್ಲಿ ಪಲ್ಟಿ ಹೊಡೆದವು. ಆದರೂ ಮಾರ್ಕ್ ವೆಬರ್, ಪೀಟರ್ ಡಂಬ್ರೆಕ್ ಇಬ್ಬರೂ ಬದುಕುಳಿದರು. ಗಾಳಿ ಆಗಲೂ ಹಳೆಯ ಗಾಳಿಯೇ. ಬದಲಾಗಿದ್ದದ್ದು ಸಾರಥಿಯ ಸುತ್ತಲಿನ ರಕ್ಷಣೆ.

ಹಾಗಾದರೆ ಆಯುಸ್ಸಿಗಿಂತ ಕೆಲಸವೇ ದೊಡ್ಡದೆಂಬ ಬ್ರೂಸ್ ಅವರ ವಿಚಾರವನ್ನು ನಾವು ಒಪ್ಪಬೇಕೇ? ಅರ್ಧ ಒಪ್ಪುತ್ತೇವೆ. ಕುಂಟುವ ಕಾಲಿನ ಬಾಲಕ 32 ವರ್ಷಗಳಲ್ಲಿ ಸಾಧಿಸಿದ್ದನ್ನು ಅನೇಕರು ಎಂಬತ್ತರಲ್ಲೂ ಸಾಧಿಸಲಾರರು. ಆದರೆ ಪ್ರಾಣವನ್ನು ಕಾಯುವ ಎಚ್ಚರ ಕೆಲಸದಿಂದ ಹೊರಗಿನದಲ್ಲ, ಅದು ಕೆಲಸದ ಒಂದು ಅಂಗ. ರೆಕ್ಕೆಯ ಲೆಕ್ಕಾಚಾರ ಎಷ್ಟು ಘನವಾದುದೋ, ಹೊದಿಕೆಯ ಕೀಲನ್ನು ಬಿಗಿಮಾಡುವ ಕೈಯೂ ಅಷ್ಟೇ ಘನವಾದುದು. ಮನೆಯಲ್ಲಿ ಕಾಯುವವರು ಕೇಳುವುದು ಗೆಲುವಿನ ಲೆಕ್ಕವನ್ನಲ್ಲ.

ಬ್ರೂಸ್ ಅವರನ್ನು ಆಕ್ಲೆಂಡಿನ ವೈಕುಮೆಟೆ ಸ್ಮಶಾನದಲ್ಲಿ ಮಣ್ಣುಮಾಡಲಾಯಿತು. ಅವರು ತೀರಿಕೊಂಡ 12 ದಿನಗಳಲ್ಲೇ, ಜೂನ್ 14ರಂದು, ಕೆನಡಾದ ಮೋಸ್‌ಪೋರ್ಟ್‌ನಲ್ಲಿ ಅದೇ ಮಾದರಿಯ ಕಾರಿನಲ್ಲಿ ಡ್ಯಾನ್ ಗರ್ನಿ ಗೆದ್ದರು. 25 ವರ್ಷಗಳ ಬಳಿಕ, 1995ರಲ್ಲಿ, ಮೆಕ್‌ಲಾರೆನ್ ಹೆಸರು ಹೊತ್ತ ಜಿ.ಟಿ. ಕಾರು ಲ ಮಾನ್ಸ್‌ನಲ್ಲಿ ಜಯಗಳಿಸಿತು. ದುಃಖದ ನಡುವೆಯೂ ಮರುದಿನ ಕಾರ್ಯಾಗಾರದ ಬಾಗಿಲು ತೆರೆದವರ ದುಡಿಮೆಯಿಂದ ಆ ಹೆಸರು ಉಳಿದಿದೆ.