ಗಣಿಸೀಮೆಯ ಸ್ಕೂಲ್ ಮಾಸ್ಟರ್: ಬಿ. ಆರ್. ಪಂತುಲು

ಜುಲೈ 26 ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಹಾಗೂ ಸಂತ ಅನ್ನಮ್ಮನವರ ಹಬ್ಬ. ಅಜ್ಜ ಅಜ್ಜಿಯರನ್ನೂ ವೃದ್ಧರನ್ನೂ ಸ್ಮರಿಸುವ ವಿಶ್ವದಿನವೊಂದು ಇರಬೇಕೆಂದು ಜಗದ್ಗುರು ಫ್ರಾನ್ಸಿಸ್ ಅವರು 2021ರಲ್ಲಿ ನಿಶ್ಚಯಿಸಿದಾಗ, ಈ ಹಬ್ಬಕ್ಕೆ ಸಮೀಪವಾದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನೇ ಆರಿಸಿದರು. 1910ರ ಇದೇ ಜುಲೈ 26ರಂದು ನಮ್ಮ ಚಿನ್ನದ ಗಣಿಗಳ ಸೀಮೆಯ ಬುಡಗೂರಿನಲ್ಲಿ ಜನಿಸಿದ ಒಬ್ಬ ನಟರು, ಮುಪ್ಪಿನ ತಂದೆತಾಯಿಗಳ ಸಂಕಟವನ್ನು ಕನ್ನಡದ ತೆರೆಯ ಮೇಲೆ ಮರೆಯಲಾಗದಂತೆ ತೋರಿಸಿದರು. ಅವರೇ ಬುಡಗೂರು ರಾಮಕೃಷ್ಣಯ್ಯ ಪಂತುಲು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಧರ್ಮೋಪದೇಶದ ತರಗತಿಯಲ್ಲಿ ನಾವು ಕಂಠಪಾಠ ಮಾಡುವ ನಾಲ್ಕನೆಯ ಆಜ್ಞೆಗೆ ಅವರ ಒಂದು ಚಿತ್ರಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ಈ ಲೇಖಕನು ಕಂಡಿಲ್ಲ.

ಪಂತುಲು ಅವರು ಮೊದಲು ಶಾಲಾ ಉಪಾಧ್ಯಾಯರಾಗಿದ್ದವರು. ರಂಗಭೂಮಿಯ ಸೆಳೆತಕ್ಕೆ ಸಿಕ್ಕಿ ಆ ವೃತ್ತಿಯನ್ನು ತ್ಯಜಿಸಿ, ಹೆಸರಾಂತ ನಟ ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯನ್ನು ಸೇರಿದರು. ಪುರಾಣದ ಕಥೆಗಳೇ ಮೆರೆಯುತ್ತಿದ್ದ ಕಾಲದಲ್ಲಿ ಸಾಮಾನ್ಯ ಸಂಸಾರದ ಕಷ್ಟಸುಖಗಳನ್ನು ಆಡಿತೋರಿಸಿದ ‘ಸಂಸಾರ ನೌಕೆ’ ಆ ಮಂಡಳಿಯ ನಾಟಕ. ಅದು 1936ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಹಿರಿಯರ ಇಚ್ಛೆಗೆ ವಿರುದ್ಧವಾಗಿ ಮದುವೆಯಾಗಿ ಮನೆಯವರಿಂದ ದೂರವಾದ ಯುವಕನ ಪಾತ್ರ ಪಂತುಲು ಅವರದು. ಅವನ ಪತ್ನಿಯಾಗಿ ಎಂ. ವಿ. ರಾಜಮ್ಮ. ಈ ಜೋಡಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಇವರ ವಿಷಯ ಮತ್ತೆ ಬರಲಿದೆ.

ಆ ಮೇಲಿನ ಸುಮಾರು ಎರಡು ದಶಕಗಳು ಮದ್ರಾಸಿನಲ್ಲಿ ದುಡಿಮೆಯ ವರ್ಷಗಳು. 1943ರಲ್ಲಿ ರಾಜಮ್ಮನವರು ತಾವೇ ನಿರ್ಮಾಪಕಿಯಾಗಿ ‘ರಾಧಾರಮಣ’ ಚಿತ್ರವನ್ನು ತಯಾರಿಸಿದಾಗ ಪಂತುಲು ಅವರು ಅದರಲ್ಲಿ ಅಭಿನಯಿಸಿದರು. 1947ರಲ್ಲಿ ಎ.ವಿ.ಎಂ. ಸಂಸ್ಥೆಯ ‘ನಾಮ್ ಇರುವರ್’ ಎಂಬ ತಮಿಳು ಚಿತ್ರದಲ್ಲಿ ಪಾತ್ರ ವಹಿಸಿದರು. ನಾಯಕನ ಪಟ್ಟಕ್ಕೆ ಹಂಬಲಿಸದೆ, ಕಥೆಗೆ ಬೇಕಾದ ಪೋಷಕ ಪಾತ್ರಗಳನ್ನು ನಿಷ್ಠೆಯಿಂದ ನಿರ್ವಹಿಸುವುದು ಅವರ ಕ್ರಮವಾಗಿತ್ತು. ಅನಂತರ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ನಿರ್ಮಾಪಕರಾಗಿ, 1957ರ ‘ರತ್ನಗಿರಿ ರಹಸ್ಯ’ದಿಂದ ನಿರ್ದೇಶಕರಾಗಿ ಬೆಳೆದರು.

1958ರಲ್ಲಿ ಬಂದದ್ದು ‘ಸ್ಕೂಲ್ ಮಾಸ್ಟರ್’. ನಿರ್ಮಾಣ, ನಿರ್ದೇಶನ, ಮುಖ್ಯ ಪಾತ್ರ ಮೂರೂ ಅವರದೇ. ಹಳ್ಳಿಯೊಂದರ ಪ್ರಾಮಾಣಿಕ ಉಪಾಧ್ಯಾಯ, ಊರಿನ ಪ್ರಬಲರ ದ್ವೇಷವನ್ನು ಕಟ್ಟಿಕೊಂಡಾದರೂ ಮಕ್ಕಳನ್ನು ತಿದ್ದುತ್ತಾನೆ. ತನ್ನ ಮಕ್ಕಳನ್ನು ಓದಿಸಿ ನೆಲೆಗೆ ಹಚ್ಚುತ್ತಾನೆ. ನಿವೃತ್ತಿಯ ನಂತರ ಆ ಮಕ್ಕಳಿಗೇ ಅವನು ಭಾರ. ಕೊನೆಗೆ ವೃದ್ಧ ದಂಪತಿಗಳನ್ನು ಮಕ್ಕಳು ಹಂಚಿಕೊಳ್ಳುತ್ತಾರೆ: ತಂದೆ ಒಬ್ಬ ಮಗನ ಮನೆಗೆ, ತಾಯಿ ಇನ್ನೊಬ್ಬನ ಮನೆಗೆ. ಬಾಳೆಲ್ಲ ಜೊತೆಗಿದ್ದವರು ಬೇರೆ ಬೇರೆ ಊರುಗಳಲ್ಲಿ ಒಬ್ಬರನ್ನೊಬ್ಬರು ನೆನೆದು ಕೊರಗುತ್ತಾರೆ. ಆ ತಾಯಿಯ ಪಾತ್ರದಲ್ಲಿ ಅದೇ ಎಂ. ವಿ. ರಾಜಮ್ಮ. 22 ವರ್ಷಗಳ ಹಿಂದೆ ಹಿರಿಯರಿಂದ ದೂರವಾದ ಯುವದಂಪತಿಗಳಾಗಿ ಕಂಡವರೇ ಈಗ ಕಿರಿಯರಿಂದ ದೂರವಾದ ವೃದ್ಧರಾಗಿ ಕಾಣುತ್ತಾರೆ. ಅವರ ಅಳುವಿನಲ್ಲಿ ಆರ್ಭಟವಿಲ್ಲ. ಮಗನ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದ ಮನುಷ್ಯನ ಸಂಕೋಚವನ್ನು ಪಂತುಲು ಅವರು ಕೇವಲ ಭುಜ ಮತ್ತು ಕಣ್ಣುಗಳಿಂದ ತೋರಿಸಬಲ್ಲರು. ಹಿಂದೆ ಉಪಾಧ್ಯಾಯರಾಗಿ ದುಡಿದ ಅನುಭವ ಅಲ್ಲಿ ಕೆಲಸ ಮಾಡಿರಬೇಕು.

ಕೈಬಿಟ್ಟವರು ಹೆತ್ತ ಮಕ್ಕಳು. ಕೈಹಿಡಿದವನು, ಹಿಂದೊಮ್ಮೆ ದಾರಿತಪ್ಪಿ ಮೇಷ್ಟ್ರ ಕ್ಷಮೆಯಿಂದ ಬದುಕಿದ, ಈಗ ಪೊಲೀಸ್ ಅಧಿಕಾರಿಯಾಗಿರುವ ಹಳೆಯ ಶಿಷ್ಯ. ಆ ಸಣ್ಣ ಪಾತ್ರವನ್ನು ತಮಿಳಿನ ಮಹಾನಟ ಶಿವಾಜಿ ಗಣೇಶನ್ ಅವರು ವಹಿಸಿದರು. ಕ್ಷಮೆ ಎಲ್ಲಿ ಫಲ ಕೊಡುವುದೆಂದು ಕ್ಷಮಿಸುವಾಗ ತಿಳಿದಿರುವುದಿಲ್ಲವೆಂಬ ಈ ಭಾಗವು, ತಪ್ಪಿಹೋದ ಮಗನ ಸಾಮತಿಯನ್ನು ಬಲ್ಲ ನಮಗೆ ಅಪರಿಚಿತವೇನಲ್ಲ. ಚಿತ್ರದ ಶಾಲಾ ಪ್ರಾರ್ಥನೆ ಸೋಸಲೆ ಅಯ್ಯಾಶಾಸ್ತ್ರಿಗಳ ರಚನೆ, ಟಿ. ಜಿ. ಲಿಂಗಪ್ಪ ಅವರ ಸಂಗೀತ. ಯಾವ ಮತದ ಮಗುವಾದರೂ ಕೈಮುಗಿದು ಹಾಡಬಹುದಾದ ಆ ಪ್ರಾರ್ಥನೆ ಚಿತ್ರದ ಹೊರಗೂ ಶಾಲೆ ಶಾಲೆಗಳಲ್ಲಿ ಉಳಿಯಿತು.

ಈ ಕಥೆ ಅನೇಕ ಭಾಷೆಗಳಿಗೆ ಹೋಯಿತು. 1959ರಲ್ಲಿ ಹಿಂದಿಯಲ್ಲಿ ಬಂತು. 1964ರಲ್ಲಿ ಮಲಯಾಳಂನಲ್ಲಿ ಅದನ್ನು ನಿರ್ದೇಶಿಸಿದವರು ಪಂತುಲು ಅವರ ಶಿಷ್ಯ ಪುಟ್ಟಣ್ಣ ಕಣಗಾಲ್. 1972ರಲ್ಲಿ ಎನ್. ಟಿ. ರಾಮರಾವ್ ಅವರು ತೆಲುಗಿನಲ್ಲಿ ಮೇಷ್ಟ್ರಾದರು; ಆ ಚಿತ್ರದ ಹೆಸರು ‘ಬಡಿ ಪಂತುಲು’. ತೆಲುಗಿನಲ್ಲಿ ಹಾಗೆಂದರೆ ಶಾಲಾ ಮೇಷ್ಟ್ರು ಎಂದೇ ಅರ್ಥವೆಂಬುದನ್ನು ನಮ್ಮ ಗಡಿಸೀಮೆಯವರಿಗೆ ಹೇಳಬೇಕಾಗಿಲ್ಲ.

ತಮಿಳು ಮಾತೃಭಾಷೆಯಾದ ನಮ್ಮ ಗಣಿ ಕುಟುಂಬಗಳು ಪಂತುಲು ಅವರನ್ನು ಬೇರೆ ಕಾರಣಕ್ಕೆ ಬಲ್ಲವು. 1959ರ ‘ವೀರಪಾಂಡಿಯ ಕಟ್ಟಬೊಮ್ಮನ್’ 1960ರ ಕೈರೋ ಚಿತ್ರೋತ್ಸವದಲ್ಲಿ ಶಿವಾಜಿಯವರಿಗೆ ಶ್ರೇಷ್ಠ ನಟ ಪ್ರಶಸ್ತಿಯನ್ನು ತಂದಿತು. 1964ರಲ್ಲಿ ‘ಕರ್ಣನ್’, 1965ರಲ್ಲಿ ಎಂ.ಜಿ.ಆರ್. ಅವರ ‘ಆಯಿರತ್ತಿಲ್ ಒರುವನ್’ ಬಂದವು. 1958ರ ‘ಸಭಾಷ್ ಮೀನಾ’ದಲ್ಲಿ ಅವರು ದ್ವಿಪಾತ್ರವನ್ನು ಕೊಟ್ಟದ್ದು ತೂತ್ತುಕುಡಿಯ ಕಥೋಲಿಕ ಕುಟುಂಬದ ಜೆ. ಪಿ. ಚಂದ್ರಬಾಬು ಅವರಿಗೆ. ಆ ಊರಿನ ಪನಿಮಯ ಮಾತೆಯ, ಅಂದರೆ ಹಿಮದ ಮಾತೆಯ, ದಾಸನೆಂದು ಹೆಸರು ಪಡೆದ ಈ ಹಾಸ್ಯನಟರ ಪ್ರತಿಭೆ ಆ ಎರಡು ಪಾತ್ರಗಳಲ್ಲಿ ಪೂರ್ಣವಾಗಿ ಅರಳಿತು. ಅದೇ ಕಥೆಯನ್ನು ಪಂತುಲು ಅವರು 1962ರಲ್ಲಿ ‘ದಿಲ್ ತೇರಾ ದೀವಾನಾ’ ಎಂದು ಹಿಂದಿಯಲ್ಲಿ ತೆಗೆದರು.

ಕನ್ನಡದಲ್ಲಿ 1961ರ ‘ಕಿತ್ತೂರು ಚೆನ್ನಮ್ಮ’, ಜಯಲಲಿತಾ ಅವರನ್ನು ನಾಯಕಿಯಾಗಿ ಕನ್ನಡಕ್ಕೆ ತಂದ 1964ರ ‘ಚಿನ್ನದ ಗೊಂಬೆ’ ಅವರ ಕೃತಿಗಳು. ಎಲ್ಲವೂ ಹಣ ತರಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ ವಿ. ಒ. ಚಿದಂಬರಂ ಪಿಳ್ಳೈ ಅವರ ಬಾಳನ್ನು ಕುರಿತ ‘ಕಪ್ಪಲೋಟ್ಟಿಯ ತಮಿಳನ್’ ಮೆಚ್ಚುಗೆ ಪಡೆದರೂ ನಷ್ಟವನ್ನೇ ತಂದಿತು. 1970ರ ‘ಶ್ರೀಕೃಷ್ಣದೇವರಾಯ’ದಲ್ಲಿ ಚಕ್ರವರ್ತಿಯ ಪಾತ್ರ ರಾಜ್‌ಕುಮಾರ್ ಅವರದು. ನಿರ್ಮಾಪಕ ನಿರ್ದೇಶಕರಾಗಿದ್ದೂ ಪಂತುಲು ಅವರು ತಮಗೆ ಸಿಂಹಾಸನವನ್ನು ಇಟ್ಟುಕೊಳ್ಳಲಿಲ್ಲ. ಶ್ರೇಷ್ಠ ನಟನೆಂಬ ರಾಜ್ಯ ಪ್ರಶಸ್ತಿ ಆ ಚಿತ್ರದ ಅಭಿನಯಕ್ಕಾಗಿ ಬಂದದ್ದು ಅವರಿಗೇ.

‘ಸ್ಕೂಲ್ ಮಾಸ್ಟರ್’ ತೆರೆಕಂಡಾಗ ನಮ್ಮಲ್ಲಿ ಗಣಿಗಳ ಸೈರನ್ ಕೂಗುತ್ತಿತ್ತು. ಮಗನಿಗೂ ತಂದೆಯ ಗಣಿಯಲ್ಲೇ ಕೆಲಸ ಸಿಗಬಹುದಾಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವವರು ಹೆಚ್ಚಿದರು. ಕೆಲವರು ರಾತ್ರಿ ಹಿಂದಿರುಗುತ್ತಾರೆ, ಕೆಲವರು ಅಲ್ಲೇ ನೆಲೆಸಿದ್ದಾರೆ. ಹಳೆಯ ಲೈನ್ ಮನೆಗಳಲ್ಲಿ ಉಳಿದ ತಂದೆತಾಯಿಗಳು ಯಾರೊಡನೆ ಇರಬೇಕು ಎಂಬ ಪ್ರಶ್ನೆ ಅನೇಕ ಕುಟುಂಬಗಳಲ್ಲಿ ಎದ್ದಿದೆ. ಮಕ್ಕಳೆಲ್ಲರೂ ಕೃತಘ್ನರೆಂದು ಹೇಳಲಾಗದು. ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ವರು ಮಲಗುವುದೇ ಕಷ್ಟ. ಪಂತುಲು ಅವರ ಚಿತ್ರದ ಮಕ್ಕಳಿಗೆ ಆ ಕಷ್ಟವಿರಲಿಲ್ಲ. ಆ ಮಟ್ಟಿಗೆ ಅವರು ಕಥೆಯನ್ನು ಸುಲಭ ಮಾಡಿಕೊಂಡರೆಂದೇ ಹೇಳಬೇಕು. ಆದರೆ ಇಬ್ಬರು ವೃದ್ಧರನ್ನು ಬೇರ್ಪಡಿಸುವಾಗ ಅವರನ್ನು ಒಂದು ಮಾತೂ ಕೇಳದೆ ನಿರ್ಧರಿಸುವ ಆ ದೃಶ್ಯಕ್ಕೆ ಬಡತನದ ನೆಪ ಹೊಂದುವುದಿಲ್ಲ.

1974ರಲ್ಲಿ ಪಂತುಲು ಅವರು ಎಂ.ಜಿ.ಆರ್. ಅವರ ‘ಮಧುರೈಯೈ ಮೀಟ್ಟ ಸುಂದರಪಾಂಡಿಯನ್’ ಚಿತ್ರದಲ್ಲಿ ತೊಡಗಿದ್ದರು. ಆ ವರ್ಷ ಮಾರ್ಚ್ 8ರಂದು ಚಂದ್ರಬಾಬು ತೀರಿಕೊಂಡರು. ಅಕ್ಟೋಬರ್ 8ರಂದು ಬೆಂಗಳೂರಿನಲ್ಲಿ ಪಂತುಲು ಅವರೂ ನಿಧನರಾದರು. ಅರ್ಧಕ್ಕೆ ನಿಂತ ಚಿತ್ರವನ್ನು ಎಂ.ಜಿ.ಆರ್. ಅವರೇ ನಿರ್ದೇಶಿಸಿ ಮುಗಿಸಿದರು, ಅದು 1978ರಲ್ಲಿ ತೆರೆಕಂಡಿತು. ಪಂತುಲು ಅವರ ಮಗಳು ಬಿ. ಆರ್. ವಿಜಯಲಕ್ಷ್ಮಿ ಕ್ಯಾಮೆರಾ ಹಿಡಿದು, 1985ರ ‘ಚಿನ್ನ ವೀಡು’ ಚಿತ್ರದಿಂದ ಸ್ವತಂತ್ರ ಛಾಯಾಗ್ರಾಹಕಿಯಾಗಿ, ಪುರುಷರೇ ತುಂಬಿದ್ದ ಆ ಕೆಲಸಕ್ಕೆ ಕಾಲಿಟ್ಟರು.