ವಿಲಿಯಂ ಲ್ಯಾಂಬ್ಟನ್: ಅಂದಾಜು ಅಳತೆ ಮತ್ತು ಶೇಕಡಾವಾರು ದೋಷ

ಭೂಮಾಪನ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ, ಭಾರತದ ತ್ರಿಕೋನಮಿತಿ ಮೋಜಣಿಗೆ ಅಡಿಪಾಯ ಹಾಕಿದ ವಿಲಿಯಂ ಲ್ಯಾಂಬ್ಟನ್‌ರವರ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಜನಿಸಿದ ಇವರು ಸೇನಾಧಿಕಾರಿಯಾಗಿ 1799ರ ಶ್ರೀರಂಗಪಟ್ಟಣ ಯುದ್ಧದಲ್ಲಿ ಪಾಲ್ಗೊಂಡಿದ್ದರು. ಯುದ್ಧಾನಂತರ, ದಕ್ಷಿಣ ಭಾರತವನ್ನು ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ಅಳೆಯುವ ಯೋಜನೆಯನ್ನು ಮದರಾಸು ಸರ್ಕಾರಕ್ಕೆ ಸಲ್ಲಿಸಿದರು. ಶ್ರೀರಂಗಪಟ್ಟಣಕ್ಕೆ ಹೋಗುವವರು ಪಲ್ಲಕ್ಕಿ ಹೊರುವ ಬೋವಿಗಳಿಗೆ ಹೇಳಿದರೆ ಸಾಕು, ಅಳತೆಗೆ ಇಷ್ಟು ವೆಚ್ಚವೇಕೆಂಬ ಆಕ್ಷೇಪಣೆಯೂ ಆಗ ಬಂದಿತ್ತು.

ದಿನಾಂಕ 10-4-1802ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯ ಅಳತೆ ಆರಂಭವಾಯಿತು. ಬಿಸಿಲಿಗೆ ಉಕ್ಕಿನ ಸರಪಳಿ ಹಿಗ್ಗುವುದರಿಂದ ಅದನ್ನು ನೆರಳಿನಲ್ಲಿರಿಸಿ, ಉಷ್ಣಾಂಶವನ್ನು ದಾಖಲಿಸಿ, ಅಳತೆಯನ್ನು ತಿದ್ದಲಾಗುತ್ತಿತ್ತು. ಮುಂದಿನ ದೂರಗಳನ್ನು ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರದಿಂದ ಕೋನಗಳನ್ನು ಅಳೆದು ಲೆಕ್ಕ ಹಾಕಲಾಯಿತು.

ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅಲ್ಲಿಯವರೆಗೆ ನಂಬಲಾಗಿತ್ತು. ಮೋಜಣಿಯಲ್ಲಿ ಕಂಡುಬಂದದ್ದು ಸುಮಾರು 360 ಮೈಲಿ. ವ್ಯತ್ಯಾಸವಾದ 40ನ್ನು ನಿಜ ಅಳತೆಯಾದ 360ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ದೋಷ ಸುಮಾರು 11.1 ಆಗುತ್ತದೆ. ಹಲವರು ಅಂದಾಜು ಸಂಖ್ಯೆಯಿಂದಲೇ ಭಾಗಿಸುವುದುಂಟು. ಹಾಗೆ ಮಾಡಿದಲ್ಲಿ ಶೇ. 10 ಬಂದು, ದೋಷವು ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ. 2 ಎಕರೆ, ಅಂದರೆ 80 ಗುಂಟೆ ಜಮೀನಿನ ವಿಸ್ತೀರ್ಣದಲ್ಲಿ ಶೇ. 11.1ರಷ್ಟು ದೋಷವಾದಲ್ಲಿ ಸುಮಾರು 9 ಗುಂಟೆ ಹೆಚ್ಚು ಅಥವಾ ಕಡಿಮೆಯಾಗುತ್ತದೆ. ಸಣ್ಣ ಹಿಡುವಳಿದಾರರಿಗೆ ಇದು ಅಲ್ಪ ನಷ್ಟವಲ್ಲ.

ಲ್ಯಾಂಬ್ಟನ್‌ರವರು ತಮ್ಮ ಲೆಕ್ಕವನ್ನೂ ಪರೀಕ್ಷೆಗೆ ಒಳಪಡಿಸಿದರು. 1804ರಲ್ಲಿ ಅವರ ಸಹಾಯಕ ವಾರನ್‌ರವರು ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದರು. ಮದರಾಸಿನಿಂದ ತ್ರಿಕೋನಗಳ ಮೂಲಕ ಗಣಿಸಿದ ಉದ್ದಕ್ಕೂ ಇದಕ್ಕೂ ಬಂದ ಅಂತರ 4 ಅಂಗುಲಕ್ಕಿಂತ ಕಡಿಮೆ. ಏಳು ಮೈಲಿಗೆ 4,43,520 ಅಂಗುಲಗಳಾಗುವುದರಿಂದ ದೋಷವು ಶೇ. 0.001ನ್ನೂ ಮುಟ್ಟಲಿಲ್ಲ.

1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಥಿಯೊಡೊಲೈಟನ್ನು ಏರಿಸುವಾಗ ಅದು ಗೋಡೆಗೆ ಬಡಿದು, ಕೋನ ಓದುವ ಚಕ್ರ ಡೊಂಕಾಯಿತು. ಆರು ವಾರಗಳ ಕಾಲ ಡೇರೆಯಲ್ಲಿ ಕುಳಿತು ಶ್ರೀಯುತರು ಸ್ವತಃ ಅದನ್ನು ಸರಿಪಡಿಸಿದರು.

1818ರಲ್ಲಿ ಈ ಕಾರ್ಯಕ್ಕೆ ಮಹಾ ತ್ರಿಕೋನಮಿತಿ ಮೋಜಣಿ ಎಂಬ ಹೆಸರು ಬಂದಿತು. ಹೈದರಾಬಾದಿನಿಂದ ನಾಗಪುರಕ್ಕೆ ತೆರಳುವಾಗ ಹಿಂಗಣಘಾಟ್‌ನಲ್ಲಿ ದಿನಾಂಕ 20-1-1823ರಂದು ಲ್ಯಾಂಬ್ಟನ್‌ರವರು ನಿಧನರಾದರು. ಮೋಜಣಿ ಕಾರ್ಯವನ್ನು ಜಾರ್ಜ್ ಎವರೆಸ್ಟ್‌ರವರು ಮುಂದುವರಿಸಿದರು.