ಕೆಲಸ ಕಳೆದುಕೊಂಡವರು, ದಾರಿ ಕಂಡುಕೊಂಡರು: ಡಾ. ಸಲೀಂ ಅಲಿ ಅವರ ಬದುಕು

ಪರೀಕ್ಷಾ ಫಲಿತಾಂಶ ಬಂದ ಕೂಡಲೇ ನಮ್ಮ ಸಂಘ ಸಂಸ್ಥೆಗಳು ಪ್ರತಿಭಾ ಪುರಸ್ಕಾರ ಸಮಾರಂಭಗಳನ್ನು ಏರ್ಪಡಿಸುತ್ತವೆ. ಹೆಚ್ಚು ಅಂಕ ಪಡೆದವರಿಗೆ ಶಾಲು, ಫಲಕ, ನಗದು ಬಹುಮಾನ ದೊರೆಯುತ್ತದೆ. ಇದು ಆಗಬೇಕಾದದ್ದೇ. ಆದರೆ ಹೇಗೋ ತೇರ್ಗಡೆಯಾದವರು, ಕಾಲೇಜನ್ನು ಅರ್ಧಕ್ಕೆ ಬಿಟ್ಟವರು, ಪದವಿ ಮುಗಿಸಿಯೂ ವರ್ಷಗಟ್ಟಲೆ ಕೆಲಸ ಹುಡುಕುತ್ತಿರುವವರು ನಮ್ಮ ನಡುವೆ ಅವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ. ಅವರಿಗೆ ನಾವು ಹೇಳುವುದು ಏನು? ಈ ಪ್ರಶ್ನೆಗೆ ಉತ್ತರವಾಗಿ ಒಬ್ಬ ಮಹನೀಯರ ಬದುಕನ್ನು ಇಲ್ಲಿ ನೆನಪಿಸಿಕೊಳ್ಳೋಣ. ಭಾರತದ ಪಕ್ಷಿಶಾಸ್ತ್ರದ ಪಿತಾಮಹರೆಂದು ಹೆಸರಾದ ಡಾ. ಸಲೀಂ ಅಲಿ ಅವರು ಪದ್ಮವಿಭೂಷಣ ಪಡೆದವರು, ರಾಜ್ಯಸಭೆಯ ಸದಸ್ಯರಾಗಿದ್ದವರು ಎಂಬುದು ಬಹಳ ಜನರಿಗೆ ಗೊತ್ತು. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಕಷ್ಟಪಟ್ಟು ಪಾಸಾದವರು, ಪದವಿ ಇಲ್ಲದ ಕಾರಣಕ್ಕೆ ಹುದ್ದೆ ತಪ್ಪಿಸಿಕೊಂಡವರು, ಮೂವತ್ತನಾಲ್ಕರ ಹೊಸ್ತಿಲಲ್ಲಿ ನಿರುದ್ಯೋಗಿಯಾದವರು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

ತಬ್ಬಲಿ ಬಾಲಕ

ಸಲೀಂ ಅಲಿ ಅವರು 1896ರ ನವೆಂಬರ್ 12ರಂದು ಮುಂಬಯಿಯ ಸುಲೈಮಾನಿ ಬೊಹ್ರಾ ಮುಸ್ಲಿಂ ಕುಟುಂಬವೊಂದರಲ್ಲಿ ಜನಿಸಿದರು. ಒಂದು ವರ್ಷದವರಿದ್ದಾಗ ತಂದೆ ಮೊಯಿಝುದ್ದೀನರನ್ನೂ, ಮೂರು ವರ್ಷದವರಿದ್ದಾಗ ತಾಯಿ ಝೀನತುನ್ನಿಸಾರನ್ನೂ ಕಳೆದುಕೊಂಡರು. ಆಮೇಲೆ ಅವರನ್ನು ಸಾಕಿದವರು ಖೇತವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಇದು ವಿದ್ಯೆಗೆ ಹೆಸರಾದ ಮನೆತನ. 1874ರಲ್ಲಿ ಮುಂಬಯಿಯಲ್ಲಿ ಅಂಜುಮನ್-ಎ-ಇಸ್ಲಾಂ ವಿದ್ಯಾಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಬದ್ರುದ್ದೀನ್ ತ್ಯಾಬ್ಜಿ ಅವರು ಇದೇ ಮನೆತನಕ್ಕೆ ಸೇರಿದವರು.

ಬಾಲಕನಾಗಿದ್ದಾಗ ಸಲೀಂ ಅಲಿ ತಮ್ಮ ಆಟದ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಜಾತಿಯ ಗುಬ್ಬಿ ಎಂಬ ಕುತೂಹಲ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದಿತು. ಸೊಸೈಟಿಯ ಗೌರವ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರು ಆ ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಹಕ್ಕಿಯನ್ನು ಗುರುತಿಸಿ ಹೇಳಿದರು, ಸಂಸ್ಥೆಯಲ್ಲಿದ್ದ ಪಕ್ಷಿಗಳ ಸಂಗ್ರಹವನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮವನ್ನು ಸುಲಿದು ಕೆಡದಂತೆ ಕಾಪಿಡುವ ವಿದ್ಯೆಯನ್ನೂ ಬಾಲಕ ಅಲ್ಲಿಯೇ ಕಲಿತನು. ಹಿರಿಯರೊಬ್ಬರು ವ್ಯಯಿಸಿದ ಅರ್ಧ ದಿನದ ಸಮಯ ಒಂದು ಬದುಕಿನ ದಿಕ್ಕನ್ನೇ ಬದಲಿಸಿತು.

ಓದಿನಲ್ಲಿ ಎಡವಿದ ದಿನಗಳು

ಶಾಲೆಯ ಓದು ಅವರಿಗೆ ಸುಲಭವಾಗಿರಲಿಲ್ಲ. ಹದಿಮೂರನೆಯ ವಯಸ್ಸಿನ ಹೊತ್ತಿಗೆ ತೀವ್ರ ತಲೆನೋವು ಕಾಡತೊಡಗಿ ಆಗಾಗ ತರಗತಿ ತಪ್ಪುತ್ತಿತ್ತು. ಹವಾ ಬದಲಾವಣೆಗೆಂದು ಅವರನ್ನು ಸಿಂಧ್ ಪ್ರಾಂತಕ್ಕೂ ಕಳಿಸಲಾಗಿತ್ತು. 1913ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಹೇಗೋ ಉತ್ತೀರ್ಣರಾದರು. ಸೇಂಟ್ ಝೇವಿಯರ್ಸ್ ಕಾಲೇಜಿಗೆ ಸೇರಿದರೂ ಮೊದಲ ವರ್ಷದಲ್ಲಿಯೇ ಓದು ಭಾರವಾಯಿತು. ಕಾಲೇಜು ಬಿಟ್ಟು, ಕುಟುಂಬದವರು ಬರ್ಮಾದ ತವಾಯ್ ಪ್ರದೇಶದಲ್ಲಿ ನಡೆಸುತ್ತಿದ್ದ ಟಂಗ್‌ಸ್ಟನ್ ಅದಿರಿನ ಗಣಿಗಾರಿಕೆ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಹೊರಟರು. ವ್ಯಾಪಾರ ಕೈ ಹತ್ತಲಿಲ್ಲ. ಆದರೆ ಸುತ್ತಲಿನ ದಟ್ಟ ಕಾಡು ಅವರ ಕಣ್ಣನ್ನು ಪಳಗಿಸಿತು.

1917ರಲ್ಲಿ ಭಾರತಕ್ಕೆ ಮರಳಿದ ಅವರು ದಾವರ್ಸ್ ವಾಣಿಜ್ಯ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರದ ತರಗತಿಗೆ ಸೇರಿದರು. ಇವರ ನಿಜವಾದ ಒಲವು ಎಲ್ಲಿದೆ ಎಂಬುದನ್ನು ಗುರುತಿಸಿದವರು ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಎಥೆಲ್‌ಬರ್ಟ್ ಬ್ಲಾಟರ್. ಅವರ ಒತ್ತಾಸೆಯಿಂದ ಒಂದು ಕಡೆ ವಾಣಿಜ್ಯ, ಇನ್ನೊಂದು ಕಡೆ ಪ್ರಾಣಿಶಾಸ್ತ್ರ, ಹೀಗೆ ಎರಡನ್ನೂ ಏಕಕಾಲದಲ್ಲಿ ಓದಿದರು. 1918ರ ಡಿಸೆಂಬರ್‌ನಲ್ಲಿ ತೆಹ್ಮೀನಾ ಅವರೊಡನೆ ವಿವಾಹವಾಯಿತು.

ತಪ್ಪಿದ ಹುದ್ದೆ, ದೊರೆತ ಕೆಲಸ

ಝೂವಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಪಕ್ಷಿತಜ್ಞರ ಹುದ್ದೆಯೊಂದಕ್ಕೆ ಸಲೀಂ ಅಲಿ ಪ್ರಯತ್ನಿಸಿದರು. ಹಕ್ಕಿಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ವಿಶ್ವವಿದ್ಯಾನಿಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಹುದ್ದೆ ಕೈತಪ್ಪಿತು. ವಿದ್ಯಾರ್ಥಿಗಳು ಈ ಘಟನೆಯನ್ನು ಚೆನ್ನಾಗಿ ನೆನಪಿಡಬೇಕು. ಪದವಿ ಇಲ್ಲದೆಯೂ ದೊಡ್ಡವರಾಗಬಹುದು ಎಂದು ಹೇಳಿಕೊಂಡು ತಿರುಗಲು ಸಲೀಂ ಅಲಿ ಅವರ ಹೆಸರನ್ನು ಬಳಸುವವರಿದ್ದಾರೆ. ಪದವಿ ಇಲ್ಲದಿದ್ದುದಕ್ಕೆ ಅವರು ಎಷ್ಟು ಬೆಲೆ ತೆತ್ತರು ಎಂಬುದನ್ನು ಅಂಥವರು ಹೇಳುವುದಿಲ್ಲ.

1926ರಲ್ಲಿ ಅವರಿಗೆ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಹೊಸದಾಗಿ ತೆರೆದ ಪ್ರಕೃತಿ ವಿಜ್ಞಾನ ವಿಭಾಗದಲ್ಲಿ ಗೈಡ್ ಲೆಕ್ಚರರ್ ಕೆಲಸ ದೊರೆಯಿತು. ತಿಂಗಳಿಗೆ 350 ರೂಪಾಯಿ ಸಂಬಳ. ನೋಡಲು ಬಂದವರಿಗೆ ಪ್ರಾಣಿ ಪಕ್ಷಿಗಳ ಬಗ್ಗೆ ವಿವರಿಸಿ ಹೇಳುವುದು ಕೆಲಸ. ಎರಡು ವರ್ಷ ಅದನ್ನು ಮಾಡಿದ ಮೇಲೆ, ತಾವು ಇನ್ನಷ್ಟು ಕಲಿಯಬೇಕೆಂಬುದು ಅವರಿಗೆ ಮನವರಿಕೆಯಾಯಿತು. 1928ರಲ್ಲಿ ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ ವಿಶ್ವವಿದ್ಯಾನಿಲಯದ ಪ್ರಾಣಿ ಸಂಗ್ರಹಾಲಯದಲ್ಲಿ ಪ್ರಸಿದ್ಧ ಪಕ್ಷಿ ವಿಜ್ಞಾನಿ ಪ್ರೊ. ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ತರಬೇತಿ ಪಡೆದರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಸಂಚಾರವನ್ನು ಪತ್ತೆ ಹಚ್ಚುವ ವಿಧಾನವನ್ನು ಕಂಡರು. ಈ ತರಬೇತಿಯಿಂದ ಅವರಿಗೆ ಡಿಗ್ರಿ ಬರಲಿಲ್ಲ, ಕಸುಬು ಬಂತು.

ನಿರುದ್ಯೋಗದ ನಡುವೆ ಅರಳಿದ ಸಾಧನೆ

1930ರಲ್ಲಿ ಊರಿಗೆ ಮರಳಿದಾಗ ಹಣದ ಕೊರತೆಯಿಂದ ಮ್ಯೂಸಿಯಂನಲ್ಲಿ ಅವರ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು. ಕೈಯಲ್ಲಿ ವಿದೇಶದ ತರಬೇತಿ ಇತ್ತು, ಮನೆ ನಡೆಸಲು ಕೆಲಸ ಇರಲಿಲ್ಲ. ಸಂಸಾರ ಮುಂಬಯಿ ಸಮೀಪದ ಕಡಲತೀರದ ಕಿಹೀಮ್ ಎಂಬ ಹಳ್ಳಿಗೆ ಬಂತು.

ಅಲ್ಲಿ ಮನೆಯ ಹತ್ತಿರದಲ್ಲಿಯೇ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಸಲೀಂ ಅಲಿ ಕೈಕಟ್ಟಿ ಕೂರದೆ ದಿನವೂ ಅವುಗಳ ಮುಂದೆ ಕುಳಿತು, ಕಂಡದ್ದನ್ನು ಕ್ರಮವಾಗಿ ಬರೆದಿಡತೊಡಗಿದರು. ಗಂಡು ಗೀಜಗ ಗೂಡನ್ನು ಅರ್ಧದವರೆಗೆ ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ಣವಾಗುತ್ತದೆ. ಹೆಣ್ಣು ಮೊಟ್ಟೆಗೆ ಕುಳಿತ ಮೇಲೆ ಗಂಡು ಮತ್ತೊಂದು ಗೂಡಿಗೆ ಕೈ ಹಾಕಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಎಲ್ಲರ ಕಣ್ಣೆದುರಿಗೇ ನಡೆಯುತ್ತಿದ್ದ ಈ ವ್ಯವಹಾರವನ್ನು ಇಷ್ಟು ಸ್ಪಷ್ಟವಾಗಿ ದಾಖಲಿಸಿದ ಲೇಖನ 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಗಿ ಅವರಿಗೆ ಪಕ್ಷಿ ವಿಜ್ಞಾನಿಗಳ ನಡುವೆ ಹೆಸರು ತಂದಿತು. ಇದು ಯಾವ ಪ್ರಯೋಗಾಲಯವೂ ಇಲ್ಲದೆ, ಕೆಲಸವಿಲ್ಲದ ತಿಂಗಳುಗಳಲ್ಲಿ ನಡೆದ ಸಂಶೋಧನೆ.

ಆ ಕಾಲದಲ್ಲಿ ಅನೇಕ ದೇಶೀಯ ಸಂಸ್ಥಾನಗಳ ಪಕ್ಷಿಗಳ ಕ್ರಮಬದ್ಧ ಸಮೀಕ್ಷೆ ಆಗಿರಲಿಲ್ಲ. ಸಲೀಂ ಅಲಿ ಅವರು ತಾವೇ ಒಂದು ಯೋಜನೆ ಮುಂದಿಟ್ಟರು. ತಮಗೆ ಸಂಬಳ ಬೇಡ, ಶಿಬಿರದ ಹಾಗೂ ಓಡಾಟದ ಖರ್ಚು ಕೊಟ್ಟರೆ ಸಮೀಕ್ಷೆ ಮಾಡಿಕೊಡುವೆ ಎಂಬುದು ಅದರ ಸಾರ. 1931-32ರಲ್ಲಿ ಹೈದರಾಬಾದ್ ಸಂಸ್ಥಾನದಿಂದ ಆರಂಭವಾದ ಈ ಕೆಲಸ ತಿರುವಾಂಕೂರು, ಕೊಚ್ಚಿ ಮೊದಲಾದ ಕಡೆಗೆ ವಿಸ್ತರಿಸಿತು. ಪತ್ನಿ ತೆಹ್ಮೀನಾ ಪಟ್ಟಣದ ಸುಖವನ್ನು ಬದಿಗಿಟ್ಟು ಕಾಡುಮೇಡುಗಳ ಶಿಬಿರಗಳಲ್ಲಿ ಅವರ ಜೊತೆ ನಿಂತರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿ ಅವರಿಗೆ ಇದು ಬಹುದೊಡ್ಡ ಆಘಾತ. ದುಃಖವನ್ನು ನುಂಗಿಕೊಂಡು ಅವರು ಕೆಲಸ ಮುಂದುವರಿಸಿದರು.

ನಮ್ಮ ನಾಡಿಗೆ ಸಂದ ಕೊಡುಗೆ

ಆ ದಿನಗಳಲ್ಲಿಯೇ, ಅಂದರೆ 1939-40ರಲ್ಲಿ, ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. ಆಗ ನಮ್ಮವರೇ ಆದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾಗಿದ್ದರು. ಶ್ರೀರಂಗಪಟ್ಟಣದ ಸಮೀಪ ಕಾವೇರಿ ನದಿಯ ನಡುಗಡ್ಡೆಗಳು ಹಕ್ಕಿಗಳು ಮರಿ ಮಾಡುವ ಅಪರೂಪದ ತಾಣವೆಂಬುದನ್ನು ಸಲೀಂ ಅಲಿ ಗಮನಿಸಿ, ಅದನ್ನು ರಕ್ಷಿಸುವಂತೆ ಒಡೆಯರ ಸರ್ಕಾರದ ಮನವೊಲಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಅದೇ ನಮ್ಮ ರಂಗನತಿಟ್ಟು.

1941ರಲ್ಲಿ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಪ್ರಕಟವಾಗಿ ಜನಸಾಮಾನ್ಯರ ಕೈಗೆ ಪಕ್ಷಿಶಾಸ್ತ್ರವನ್ನು ತಲುಪಿಸಿತು. ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಡನೆ ಸೇರಿ ಬರೆದ ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳ ಕೈಪಿಡಿಯ ಹತ್ತು ಸಂಪುಟಗಳು 1968ರಿಂದ 1974ರ ಅವಧಿಯಲ್ಲಿ ಹೊರಬಂದವು. ಆಗ ಅವರು ಎಪ್ಪತ್ತು ದಾಟಿದ್ದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಸಂದವು. ಒಮ್ಮೆ ಪದವಿ ಇಲ್ಲವೆಂದು ಹುದ್ದೆ ತಪ್ಪಿದವರಿಗೆ 1958ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. ಜೆ. ಪಾಲ್ ಗೆಟ್ಟಿ ಪ್ರಶಸ್ತಿ ಬಂದಾಗ ಅದರ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಮೂಲಧನವಾಗಿಸಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು ತೊಂಬತ್ತರ ವಯಸ್ಸಿನಲ್ಲಿ ನಿಧನರಾದರು.

ಯುವಜನರು ಕಲಿಯಬೇಕಾದದ್ದು

ಆತ್ಮೀಯ ವಿದ್ಯಾರ್ಥಿಗಳೇ, ಉದ್ಯೋಗ ಕ್ಷೇತ್ರಕ್ಕೆ ಕಾಲಿಡುತ್ತಿರುವ ನಿಮಗೆ ಈ ಬದುಕಿನಲ್ಲಿ ಕೆಲವು ಪಾಠಗಳಿವೆ.

ಮೊದಲನೆಯದಾಗಿ, ಕೈಗೆ ಬಂದ ಪದವಿಯನ್ನು ಅರ್ಧಕ್ಕೆ ಬಿಡಬೇಡಿ. ಬಾಗಿಲು ತೆರೆಯುವುದು ಅದೇ. ಅದು ಇಲ್ಲದೆ ಹೋದಾಗ ಸಲೀಂ ಅಲಿ ಅವರಂಥವರೂ ಹೊರಗೆ ನಿಲ್ಲಬೇಕಾಯಿತು.

ಎರಡನೆಯದಾಗಿ, ಮೊದಲ ಕೆಲಸ ಚಿಕ್ಕದೆಂದು ಹಿಂಜರಿಯಬೇಡಿ. ಆದರೆ ಅದಕ್ಕೆ ಸೇರಿದ ದಿನವೇ ಕಲಿಕೆ ಮುಗಿಯಿತೆಂದು ಭಾವಿಸಬೇಡಿ. ನಿಮ್ಮ ಕಸುಬನ್ನು ಚೆನ್ನಾಗಿ ಬಲ್ಲವರು ಯಾರೆಂದು ಹುಡುಕಿ, ಅವರ ಬಳಿ ಹೋಗಿ.

ಮೂರನೆಯದಾಗಿ, ಕೆಲಸವಿಲ್ಲದ ದಿನಗಳಿಗೂ ಒಂದು ವೇಳಾಪಟ್ಟಿ ಇರಲಿ, ಒಂದು ನೋಟ್‌ಬುಕ್ ಇರಲಿ. ಮುಂದಿನ ಸಂದರ್ಶನದಲ್ಲಿ ಕಳೆದ ಆರು ತಿಂಗಳು ಏನು ಮಾಡಿದಿರಿ ಎಂದು ಕೇಳಿದರೆ ತೋರಿಸಲು ಒಂದು ಕೆಲಸ ಇರಬೇಕು. ಲೆಕ್ಕ ಬರೆಯುವುದಾಗಲಿ, ಯಂತ್ರ ದುರಸ್ತಿಯಾಗಲಿ, ಕಂಪ್ಯೂಟರ್ ವಿದ್ಯೆಯಾಗಲಿ, ಮಕ್ಕಳಿಗೆ ಪಾಠ ಹೇಳುವುದಾಗಲಿ, ಯಾವುದಾದರೂ ಸರಿ.

ನಾಲ್ಕನೆಯದಾಗಿ, ಕೆಲಸ ಕೊಡಿ ಎಂದಷ್ಟೇ ಕೇಳುವುದರ ಬದಲು, ಇಂಥ ಕೆಲಸ ನನ್ನಿಂದ ಆಗುತ್ತದೆ, ಇಷ್ಟು ದಿನ ಬೇಕು, ಇಷ್ಟು ಖರ್ಚಾಗುತ್ತದೆ ಎಂದು ಹೇಳಲು ಕಲಿಯಿರಿ. ಸಂಸ್ಥಾನಗಳ ಬಾಗಿಲು ತೆರೆದದ್ದು ಹೀಗೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಸಲೀಂ ಅಲಿ ಅವರಿಗೆ ಅನುಕೂಲಸ್ಥ ಬಂಧುಬಳಗವಿತ್ತು, ಸರಳವಾಗಿ ಬದುಕಲು ಒಪ್ಪಿದ ಬಾಳಸಂಗಾತಿ ಇದ್ದರು. ಸಂಬಳವಿಲ್ಲದೆ ದುಡಿಯುವುದು ಅವರಿಗೆ ಸಾಧ್ಯವಾಯಿತು. ತಂದೆ ತಾಯಿ, ತಂಗಿಯರ ಹೊಣೆ ಹೊತ್ತ ಯುವಕನಿಗೆ ಅದೇ ಉಪದೇಶ ಮಾಡುವುದು ನ್ಯಾಯವಲ್ಲ. ಅಂಥವರು ಸಂಬಳದ ಕೆಲಸವನ್ನು ಕೈಬಿಡದೆ, ದಿನಕ್ಕೊಂದು ಗಂಟೆಯನ್ನಾದರೂ ತಮ್ಮ ಒಲವಿನ ವಿದ್ಯೆಗೆ ಮೀಸಲಿಡಲಿ. ಹಲಾಲ್ ಸಂಪಾದನೆಯಿಂದ ಮನೆ ನಡೆಸುವುದು ಯಾವ ಸಾಧನೆಗೂ ಕಡಿಮೆಯಲ್ಲ.

ಸಂಘದ ಹಿರಿಯ ಸದಸ್ಯರಿಗೂ ಈ ಬದುಕು ಒಂದು ಮಾತು ಹೇಳುತ್ತದೆ. ತಬ್ಬಲಿಯನ್ನು ಸಾಕಿದ ಮಾವ, ಪಕ್ಷಿಗಳ ಸಂಗ್ರಹವನ್ನು ತೆರೆದು ತೋರಿಸಿದ ಮಿಲ್ಲಾರ್ಡ್, ಒಲವನ್ನು ಗುರುತಿಸಿದ ಫಾದರ್ ಬ್ಲಾಟರ್, ವಿದ್ಯೆ ಧಾರೆಯೆರೆದ ಸ್ಟ್ರೆಸೆಮಾನ್, ಇವರಲ್ಲಿ ಒಬ್ಬರು ಇಲ್ಲದಿದ್ದರೂ ನಮಗೆ ಈ ಸಲೀಂ ಅಲಿ ಸಿಗುತ್ತಿರಲಿಲ್ಲವೇನೋ. ವಿದ್ಯಾರ್ಥಿವೇತನದ ಚೆಕ್ ನೀಡಿ ಫೋಟೋ ತೆಗೆಸಿಕೊಂಡರೆ ನಮ್ಮ ಹೊಣೆ ಮುಗಿಯುವುದಿಲ್ಲ. ವೈದ್ಯರು, ಇಂಜಿನಿಯರರು, ವ್ಯಾಪಾರಿಗಳು, ಸರ್ಕಾರಿ ನೌಕರರು ಆಗಿರುವ ನಮ್ಮ ಸದಸ್ಯರು ವರ್ಷಕ್ಕೆ ಒಬ್ಬ ಹುಡುಗ ಅಥವಾ ಹುಡುಗಿಯನ್ನು ತಮ್ಮ ಕೆಲಸದ ಸ್ಥಳಕ್ಕೆ ಕರೆದೊಯ್ದು ತೋರಿಸಲಿ, ಅವರ ಪ್ರಶ್ನೆಗಳಿಗೆ ಉತ್ತರಿಸಲಿ. ಕಡಿಮೆ ಅಂಕ ಪಡೆದವರನ್ನು ಮೊದಲು ಕರೆದೊಯ್ಯಲಿ.

ಅಲ್ಲಾಹನು ನಮ್ಮ ಯುವಕ ಯುವತಿಯರಿಗೆ ತಮ್ಮ ದಾರಿಯನ್ನು ಕಂಡುಕೊಳ್ಳುವ ತಾಳ್ಮೆಯನ್ನೂ, ಹಿರಿಯರಿಗೆ ಬಾಗಿಲು ತೆರೆಯುವ ಮನಸ್ಸನ್ನೂ ಕರುಣಿಸಲಿ. ಆಮೀನ್.